ರೋಮ್ ಮತ್ತು ಅದರ ಅರಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಚೀನ ರೋಮ್ ಬಗ್ಗೆ ಮಾತು ಶುರುವಾದರೆ ಸಾಕು, ಒಂದಷ್ಟು ಪ್ರಶ್ನೆಗಳು ತಪ್ಪದೆ ಬರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದಿಂದ ಶುರುಮಾಡಿ ಆಳಕ್ಕೆ ಹೋಗಿದ್ದೇನೆ. ಬೇಕಾದ ಪ್ರಶ್ನೆಯೊಂದನ್ನೇ ಓದಿದರೂ ಅರ್ಥವಾಗುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೋಮ್ ಅರಸರ ಬಗ್ಗೆ ನಾವು ಕೇಳಿದ ವಿಚಿತ್ರ ಕಥೆಗಳಲ್ಲಿ ಬಹಳಷ್ಟನ್ನು ಬರೆದವರು ಆ ಅರಸರನ್ನು ಕಂಡರೆ ಆಗದವರು. ಅದನ್ನು ನೆನಪಿಟ್ಟುಕೊಂಡೇ ಓದಿ.

## ಶುರುವಿನ ಪ್ರಶ್ನೆಗಳು

ರೋಮ್‌ನಲ್ಲಿ ಮೊದಲಿಂದಲೂ ಚಕ್ರವರ್ತಿಗಳೇ ಆಳ್ತಿದ್ರಾ?

ಇಲ್ಲ. ರೋಮನ್ನರು ನಂಬಿದ ಲೆಕ್ಕದಲ್ಲಿ ಊರು ಹುಟ್ಟಿದ್ದು ಕ್ರಿ.ಪೂ. 753ರಲ್ಲಿ. ಮೊದಲು ರಾಜರಿದ್ದರು. ಕ್ರಿ.ಪೂ. 509ರಲ್ಲಿ ಕೊನೆಯ ರಾಜನನ್ನು ಓಡಿಸಿದರು ಅಂತ ಅವರ ಇತಿಹಾಸ ಹೇಳುತ್ತದೆ. ಆಮೇಲೆ ಸುಮಾರು ಐನೂರು ವರ್ಷ ಗಣರಾಜ್ಯ. ವರ್ಷಕ್ಕೆ ಕಾನ್ಸುಲ್ ಎಂಬ ಇಬ್ಬರು ಮುಖ್ಯ ಅಧಿಕಾರಿಗಳು ಆಯ್ಕೆಯಾಗುತ್ತಿದ್ದರು, ಒಬ್ಬರ ಮೇಲೊಬ್ಬರು ಕಣ್ಣಿಡಲಿ ಅಂತಲೇ ಇಬ್ಬರು. ಚಕ್ರವರ್ತಿಗಳ ಕಾಲ ಶುರುವಾಗಿದ್ದು ಕ್ರಿ.ಪೂ. 27ರಲ್ಲಿ. ಅಂದರೆ ರೋಮ್ ಮೆಡಿಟರೇನಿಯನ್ ಸುತ್ತಲಿನ ನಾಡುಗಳನ್ನು ಗೆದ್ದಿದ್ದರಲ್ಲಿ ಬಹುಪಾಲು ಗಣರಾಜ್ಯದ ದಿನಗಳಲ್ಲೇ.

ಜೂಲಿಯಸ್ ಸೀಸರ್ ರೋಮ್‌ನ ಮೊದಲ ಚಕ್ರವರ್ತಿ ಅಲ್ವಾ?

ಅಲ್ಲ. ಸೀಸರ್ ಯಾವತ್ತೂ ಚಕ್ರವರ್ತಿ ಆಗಲಿಲ್ಲ. ಕ್ರಿ.ಪೂ. 44ರಲ್ಲಿ ಅವನು ಜೀವನಪರ್ಯಂತದ ಸರ್ವಾಧಿಕಾರಿ ಅನ್ನಿಸಿಕೊಂಡ. ಅದೇ ವರ್ಷ ಕೊಲೆಯಾದ.

ಮೊದಲ ಚಕ್ರವರ್ತಿ ಅವನ ಸೋದರಿಯ ಮೊಮ್ಮಗ ಆಕ್ಟೇವಿಯಸ್. ಸೀಸರ್ ಸತ್ತಾಗ ಹುಡುಗನಿಗೆ 18 ವರ್ಷ. ಉಯಿಲು ಓದಿದಾಗಲೇ ತಾನು ಸೀಸರ್‌ನ ದತ್ತು ಮಗ ಅಂತ ಅವನಿಗೆ ಗೊತ್ತಾಗಿದ್ದು. ಹದಿಮೂರು ವರ್ಷದಲ್ಲಿ ಎದುರಾಳಿಗಳನ್ನೆಲ್ಲ ಮುಗಿಸಿದ. ಆಮೇಲೆ ಅಗಸ್ಟಸ್ ಎಂಬ ಬಿರುದು ಪಡೆದು ಕ್ರಿ.ಶ. 14ರವರೆಗೆ ಆಳಿದ. ತಮಾಷೆ ಅಂದರೆ ತಾನು ರಾಜ ಅಂತ ಅವನು ಎಂದೂ ಹೇಳಿಕೊಳ್ಳಲಿಲ್ಲ. ಸೆನೆಟ್ ಎಂಬ ಹಿರಿಯರ ಸಭೆ ಇತ್ತು, ಚುನಾವಣೆ ಇತ್ತು, ಕಾನ್ಸುಲ್‌ಗಳಿದ್ದರು. ಸೈನ್ಯ ಮಾತ್ರ ಅವನ ಕೈಯಲ್ಲಿತ್ತು. ನನ್ನ ಮಟ್ಟಿಗೆ ರೋಮ್ ಇತಿಹಾಸದ ದೊಡ್ಡ ಅಚ್ಚರಿ ಇದೇ. ರಾಜ ಅನ್ನುವ ಹೆಸರನ್ನೇ ದ್ವೇಷಿಸುತ್ತಿದ್ದ ಜನರ ನಡುವೆ, ಹಳೆಯ ವ್ಯವಸ್ಥೆಯ ಒಂದು ಕಂಬವನ್ನೂ ಕೆಡವದೆ, ಒಬ್ಬ ನಲವತ್ತು ವರ್ಷ ರಾಜನಾಗಿ ಬಾಳಿದ.

ಸೀಸರ್ ಸಾಯುವಾಗ "ನೀನೂನಾ ಬ್ರೂಟಸ್" ಅಂದಿದ್ದು ನಿಜಾನಾ?

ಆ ಲ್ಯಾಟಿನ್ ಸಾಲು ಜಗತ್ತಿಗೆಲ್ಲ ಗೊತ್ತಾಗಿದ್ದು ಷೇಕ್ಸ್‌ಪಿಯರ್ ನಾಟಕದಿಂದ. ರೋಮನ್ ಬರಹಗಾರ ಸ್ಯೂಟೋನಿಯಸ್ ಹೇಳುವ ಪ್ರಕಾರ ಸೀಸರ್ ಮೊದಲ ಏಟಿಗೆ ನರಳಿದ, ಅಷ್ಟೇ. ಮಾತೇ ಆಡಲಿಲ್ಲ. ಕೊಲೆಗಾರರಲ್ಲಿ ಒಬ್ಬನಾದ ಬ್ರೂಟಸ್ ತನ್ನ ಮೇಲೆ ಎರಗಿದಾಗ ಗ್ರೀಕ್‌ನಲ್ಲಿ "ನೀನೂನಾ, ಮಗೂ" ಅಂದ ಅಂತ ಕೆಲವರು ಹೇಳುತ್ತಾರೆ ಎಂದೂ ಅವನು ಸೇರಿಸುತ್ತಾನೆ.

ಇನ್ನೊಂದು ತಪ್ಪು ಕಲ್ಪನೆ ಇದೆ. ಕೊಲೆ ನಡೆದದ್ದು ಸೆನೆಟ್‌ನ ಮಾಮೂಲಿ ಕಟ್ಟಡದಲ್ಲಲ್ಲ. ಅದನ್ನು ಆಗ ಹೊಸದಾಗಿ ಕಟ್ಟುತ್ತಿದ್ದರು. ಹಾಗಾಗಿ ಮಾರ್ಚ್ 15ರ ಸಭೆ ಪಾಂಪೆ ಎಂಬ ಸೇನಾನಿ ಕಟ್ಟಿಸಿದ ರಂಗಮಂದಿರದ ಪಕ್ಕದ ಸಭಾಂಗಣದಲ್ಲಿ ಸೇರಿತ್ತು. ಸಂಚಿನಲ್ಲಿದ್ದವರು ಅರವತ್ತಕ್ಕೂ ಹೆಚ್ಚು ಜನ. ಮೊದಲು ಇರಿದವನ ತೋಳಿಗೆ ಸೀಸರ್ ತನ್ನ ಕೈಲಿದ್ದ ಬರೆಯುವ ಕಡ್ಡಿಯಿಂದಲೇ ತಿವಿದ. ಒಟ್ಟು 23 ಗಾಯ. ವೈದ್ಯ ಆಂಟಿಸ್ಟಿಯಸ್ ಹೆಣ ನೋಡಿ, ಎದೆಗೆ ಬಿದ್ದ ಎರಡನೆಯ ಏಟೊಂದೇ ಪ್ರಾಣ ತೆಗೆಯುವಂಥದ್ದು ಅಂದನಂತೆ. ಸೆನೆಟರ್‌ಗಳು ದಿಕ್ಕಾಪಾಲಾಗಿ ಓಡಿದರು. ಹೆಣ ಸ್ವಲ್ಪ ಹೊತ್ತು ಅಲ್ಲೇ ಬಿದ್ದಿತ್ತು. ಕೊನೆಗೆ ಮೂವರು ಗುಲಾಮರು ಬಂದು ಪಲ್ಲಕ್ಕಿಯಲ್ಲಿ ಹಾಕಿಕೊಂಡು ಮನೆಗೆ ಹೊತ್ತರು. ಒಂದು ತೋಳು ಹೊರಗೆ ಜೋತುಬಿದ್ದಿತ್ತು.

ಜುಲೈ, ಆಗಸ್ಟ್ ಇವರ ಹೆಸರಂತೆ ಸರಿ. ಆಗಸ್ಟ್‌ಗೋಸ್ಕರ ಫೆಬ್ರವರಿಯಿಂದ ಒಂದು ದಿನ ಕದ್ದರಾ?

ಹೆಸರಿನ ವಿಷಯ ನಿಜ. ಕ್ರಿ.ಪೂ. 44ರಲ್ಲಿ ಜುಲೈಗೆ ಸೀಸರ್ ಹೆಸರು, ಕ್ರಿ.ಪೂ. 8ರಲ್ಲಿ ಆಗಸ್ಟ್‌ಗೆ ಅಗಸ್ಟಸ್ ಹೆಸರು ಬಂತು. ದಿನ ಕದ್ದ ಕಥೆ ಮಾತ್ರ ಮಧ್ಯಯುಗದ ಕಲ್ಪನೆ. ಆ ತಿಂಗಳಿಗೆ 31 ದಿನ ಕೊಟ್ಟಿದ್ದು ಸೀಸರ್‌ನ ಸುಧಾರಣೆಯೇ. ಅದಕ್ಕಿಂತ ವಿಚಿತ್ರ ಬೇಕಾದರೆ ಕ್ರಿ.ಪೂ. 46ನೇ ವರ್ಷ ನೋಡಿ. ಹಳಿ ತಪ್ಪಿದ್ದ ಕ್ಯಾಲೆಂಡರನ್ನು ಸರಿ ಮಾಡಲು ಸೀಸರ್ ಆ ವರ್ಷವನ್ನು 445 ದಿನಕ್ಕೆ ಎಳೆದ.

## ಅರಸರ ಕಥೆಗಳು

ರೋಮ್ ಉರಿಯುವಾಗ ನೀರೋ ಪಿಟೀಲು ಬಾರಿಸ್ತಿದ್ದ ಅಂತಾರಲ್ಲ?

ಪಿಟೀಲು ಆಗ ಇರಲೇ ಇಲ್ಲ. ಅದು ಹುಟ್ಟಿದ್ದು 16ನೇ ಶತಮಾನದಲ್ಲಿ. ನೀರೋ ನುಡಿಸುತ್ತಿದ್ದುದು ಕಿಥಾರ ಎಂಬ ತಂತಿ ವಾದ್ಯ.

ಬೆಂಕಿ ಬಿದ್ದದ್ದು ಕ್ರಿ.ಶ. 64ರ ಜುಲೈನಲ್ಲಿ. ಆರು ದಿನ ಉರಿಯಿತು. ಆರಿತು ಅನ್ನುವಷ್ಟರಲ್ಲಿ ಮತ್ತೆ ಹತ್ತಿಕೊಂಡಿತು. ಊರಿನ 14 ಭಾಗಗಳಲ್ಲಿ ಏನೂ ಆಗದೆ ಉಳಿದದ್ದು ನಾಲ್ಕೇ. ಇದನ್ನೆಲ್ಲ ವಿವರವಾಗಿ ಬರೆದವನು ಟ್ಯಾಸಿಟಸ್. ಅವನು ನೀರೋನ ಗೆಳೆಯನಲ್ಲ, ಅವನ ಕ್ರೌರ್ಯವನ್ನು ಪುಟಗಟ್ಟಲೆ ಬರೆದವನು. ಅಂಥವನೇ ಹೇಳುತ್ತಾನೆ, ಬೆಂಕಿ ಹತ್ತಿದಾಗ ನೀರೋ ರೋಮ್‌ನಲ್ಲೇ ಇರಲಿಲ್ಲ, ಸುಮಾರು 50 ಕಿಲೋಮೀಟರ್ ದೂರದ ಕಡಲೂರು ಆಂಟಿಯಮ್‌ನಲ್ಲಿದ್ದ ಅಂತ. ವಾಪಸ್ ಬಂದು ಮನೆ ಕಳಕೊಂಡವರಿಗೆ ತನ್ನ ತೋಟಗಳನ್ನೇ ತೆರೆದ. ಹತ್ತಿರದ ಊರುಗಳಿಂದ ಸಾಮಾನು ತರಿಸಿದ, ಧಾನ್ಯದ ಬೆಲೆ ಇಳಿಸಿದ. ಆದರೆ ಊರು ಉರಿಯುವಾಗ ಅವನು ಟ್ರಾಯ್ ಪತನದ ಹಾಡು ಹಾಡಿದ ಅನ್ನುವ ಸುದ್ದಿ ಹಬ್ಬಿಬಿಟ್ಟಿತ್ತು. ಮಾಡಿದ ಉಪಕಾರ ಯಾರ ಕಣ್ಣಿಗೂ ಬೀಳಲಿಲ್ಲ.

ಸುದ್ದಿ ಉಳಿದುಬಿಡಲು ಅವನೂ ಕಾರಣ. ಸುಟ್ಟ ಜಾಗದಲ್ಲೇ ಕೆರೆ, ತೋಟ, ಚಿನ್ನದ ಲೇಪದ ಗೋಡೆಗಳಿರುವ ಭಾರೀ ಅರಮನೆ ಎಬ್ಬಿಸಿದ. ಜನರಿಗೆ ಅನುಮಾನ ಬಾರದೆ ಇರುತ್ತದಾ? ಆಪಾದನೆ ತಪ್ಪಿಸಿಕೊಳ್ಳಲು ಆಗ ಸಣ್ಣ ಗುಂಪಾಗಿದ್ದ ಕ್ರೈಸ್ತರ ಮೇಲೆ ತಪ್ಪು ಹೊರಿಸಿ, ಅವರನ್ನು ಹಿಂಸಿಸಿ ಕೊಲ್ಲಿಸಿದ. ಪಿಟೀಲಿನ ಕಥೆ ಸುಳ್ಳು. ಹಾಗಂತ ನೀರೋ ಒಳ್ಳೆಯವನು ಅಂತ ಆಗುವುದಿಲ್ಲ.

ಕಲಿಗುಲ ತನ್ನ ಕುದುರೆಯನ್ನ ಮಂತ್ರಿ ಮಾಡಿದ್ನಂತೆ, ಹೌದಾ?

ಮಾಡಲಿಲ್ಲ. ಇನ್ಸಿಟಾಟಸ್ ಎಂಬ ಆ ಓಟದ ಕುದುರೆಗೆ ಅಮೃತಶಿಲೆಯ ಲಾಯ, ದಂತದ ಗೋದಲಿ, ನೇರಳೆ ಬಣ್ಣದ ಹೊದಿಕೆ, ರತ್ನದ ಕೊರಳಪಟ್ಟಿ ಇದ್ದವು ಅಂತ ಸ್ಯೂಟೋನಿಯಸ್ ಬರೆಯುತ್ತಾನೆ. ಅದನ್ನು ಕಾನ್ಸುಲ್ ಮಾಡುವ ಯೋಚನೆಯೂ ಇತ್ತಂತೆ ಅನ್ನುತ್ತಾನೆ. ಗಮನಿಸಿ, ಯೋಚನೆ ಇತ್ತು, ಅದೂ "ಅಂತೆ". ಅವನು ಇದನ್ನು ಬರೆದದ್ದು ಕಲಿಗುಲ ಸತ್ತು ಸುಮಾರು 80 ವರ್ಷದ ಮೇಲೆ. ಕಾನ್ಸುಲ್ ಪದವಿಗೆ ಹಪಹಪಿಸುತ್ತಿದ್ದ ಸೆನೆಟರ್‌ಗಳನ್ನು ಅಣಕಿಸಲು ಕಲಿಗುಲ ಆಡಿದ ಮಾತು ಇದಾಗಿರಬಹುದು ಅಂತ ಹಲವು ಇತಿಹಾಸಕಾರರ ಅಭಿಪ್ರಾಯ. ನನಗೂ ಹಾಗೇ ಅನ್ನಿಸುತ್ತದೆ. ನಾಲ್ಕು ವರ್ಷವೂ ತುಂಬದ ಆಳ್ವಿಕೆ ಅವನದ್ದು. ಕ್ರಿ.ಶ. 41ರಲ್ಲಿ ತನ್ನ ಕಾವಲು ಪಡೆಯ ಅಧಿಕಾರಿಯ ಕೈಯಲ್ಲೇ ಸತ್ತ.

ಪರದೆ ಹಿಂದೆ ಬಚ್ಚಿಟ್ಟುಕೊಂಡಿದ್ದವನು ಚಕ್ರವರ್ತಿ ಆದನಂತೆ. ಯಾರು ಅವನು?

ಕ್ಲಾಡಿಯಸ್, ಕಲಿಗುಲನ ಚಿಕ್ಕಪ್ಪ. ಕುಂಟುತ್ತಿದ್ದ, ಮಾತು ತೊದಲುತ್ತಿತ್ತು. ಮನೆಯವರೇ ಅವನನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಪುಸ್ತಕಗಳ ನಡುವೆ ಐವತ್ತು ವರ್ಷ ಕಳೆದಿದ್ದ. ಕಲಿಗುಲನ ಕೊಲೆಯ ಗಲಾಟೆಯಲ್ಲಿ ಹೆದರಿ ಬಾಲ್ಕನಿಯ ಪರದೆ ಹಿಂದೆ ನಿಂತ. ಓಡಾಡುತ್ತಿದ್ದ ಸೈನಿಕನೊಬ್ಬನಿಗೆ ಪರದೆ ಕೆಳಗೆ ಪಾದ ಕಂಡವು. ಎಳೆದರೆ ಕ್ಲಾಡಿಯಸ್! ಕೊಲ್ಲಬೇಡ ಅಂತ ಕಾಲಿಗೆ ಬಿದ್ದವನಿಗೆ ಆ ಸೈನಿಕ ಚಕ್ರವರ್ತಿ ಅಂತ ವಂದಿಸಿದ. ಪಡೆಯ ಪ್ರತಿಯೊಬ್ಬನಿಗೂ 15,000 ಸೆಸ್ಟರ್ಸ್ (ರೋಮನ್ ನಾಣ್ಯ) ಕೊಡುವ ಮಾತಾಯಿತು. ಸೆನೆಟ್ ಗಣರಾಜ್ಯ ಮರಳಿ ತರುವ ಚರ್ಚೆಯಲ್ಲಿದ್ದಾಗಲೇ ಕೆಲಸ ಮುಗಿದಿತ್ತು.

ಯಾರೂ ನೆಚ್ಚದ ಈ ಮನುಷ್ಯ 13 ವರ್ಷ ಆಳಿದ. ಕ್ರಿ.ಶ. 43ರಲ್ಲಿ ಬ್ರಿಟನ್ ದಾಳಿ ಅವನ ಕಾಲದ್ದು. ರೋಮ್‌ಗೆ ದೊಡ್ಡ ಬಂದರು, ದೊಡ್ಡ ನೀರ್ಗಾಲುವೆ ಕಟ್ಟಿಸಿದ. ಇಟಲಿಯ ಪ್ರಾಚೀನ ಎಟ್ರುಸ್ಕನ್ ಜನರ ಇತಿಹಾಸವನ್ನು ಗ್ರೀಕ್‌ನಲ್ಲಿ 20 ಸಂಪುಟ ಬರೆದಿದ್ದ. ಅದರಲ್ಲಿ ಒಂದೂ ಉಳಿಯಲಿಲ್ಲ. ಕಳೆದುಹೋದ ರೋಮನ್ ಪುಸ್ತಕಗಳಲ್ಲಿ ಯಾವುದಾದರೂ ಒಂದು ಸಿಗಲಿ ಅಂದರೆ ನಾನು ಕೇಳುವುದು ಇದನ್ನೇ.

ಮೂತ್ರಕ್ಕೂ ತೆರಿಗೆ ಹಾಕಿದ್ರು ಅಂದ್ರೆ ನಂಬೋದು ಹೇಗೆ?

ನಂಬಬಹುದು. ಹಾಕಿದವನು ವೆಸ್ಪಾಸಿಯನ್. ಕ್ರಿ.ಶ. 69ರ ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳು ಬಂದಿದ್ದರು. ಆ ನಾಲ್ಕನೆಯವನು ಇವನು. ಖಜಾನೆ ಬರಿದಾಗಿತ್ತು.

ಮೂತ್ರಕ್ಕೆ ಬೆಲೆ ಯಾಕೆ? ಅಗಸರ ಅಂಗಡಿಗಳಿಗೆ ಅದು ಬೇಕಿತ್ತು. ಹಳೆಯದಾದ ಮೂತ್ರದಲ್ಲಿ ಅಮೋನಿಯಾ ಇರುತ್ತದೆ. ಉಣ್ಣೆ ಬಟ್ಟೆಯ ಜಿಡ್ಡು ಬಿಡಿಸಲು ಸೋಪಿಲ್ಲದ ಆ ಕಾಲದಲ್ಲಿ ಅದೇ ದಾರಿ. ತೊಟ್ಟಿಯಲ್ಲಿ ಬಟ್ಟೆ ಹಾಕಿ ಕೆಲಸದವರು ಬರಿಗಾಲಲ್ಲಿ ತುಳಿಯುತ್ತಿದ್ದರು. ಸೆನೆಟರ್‌ಗಳ ಬೆಳ್ಳನೆ ಟೋಗಾ ಹೊಳೆಯುತ್ತಿದ್ದುದು ಹೀಗೆ. ಇದಕ್ಕೆ ತೆರಿಗೆ ಅಂದಾಗ ಮಗ ಟೈಟಸ್ ಮೂಗು ಮುರಿದ. ವೆಸ್ಪಾಸಿಯನ್ ಮೊದಲ ಕಂತಿನ ನಾಣ್ಯವೊಂದನ್ನು ಅವನ ಮೂಗಿನ ಬಳಿ ಹಿಡಿದು "ವಾಸನೆ ಬರ್ತಿದೆಯಾ?" ಅಂದ. ಇಲ್ಲ ಅಂದ ಮಗ. "ಆದರೂ ಇದು ಮೂತ್ರದಿಂದಲೇ ಬಂದದ್ದು" ಅಂದನಂತೆ ಅಪ್ಪ. ಕೊಲೋಸಿಯಮ್ ಕಟ್ಟಲು ಶುರುಮಾಡಿದವನೂ ಇವನೇ. ನೀರೋ ಅರಮನೆಯ ಕೆರೆಯನ್ನು ಬತ್ತಿಸಿ, ಆ ಜಾಗವನ್ನು ಜನರ ಮನರಂಜನೆಗೆ ಕೊಟ್ಟ.

ತಾನೇ ಅಖಾಡಕ್ಕೆ ಇಳಿದು ಹೊಡೆದಾಡಿದ ಚಕ್ರವರ್ತಿ ಇದ್ನಾ?

ಇದ್ದ. ಕೊಮೊಡಸ್, ತತ್ವಜ್ಞಾನಿ ಅರಸ ಮಾರ್ಕಸ್ ಆರೇಲಿಯಸ್‌ನ ಮಗ. ಇದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇದೆ. ಸೆನೆಟರ್ ಕ್ಯಾಸಿಯಸ್ ಡಿಯೋ ಮುಂದಿನ ಸಾಲಲ್ಲೇ ಕೂತಿದ್ದ. ಒಂದು ದಿನ ಕೊಮೊಡಸ್ ಉಷ್ಟ್ರಪಕ್ಷಿಯೊಂದನ್ನು ಕೊಂದು, ಕತ್ತರಿಸಿದ ತಲೆಯನ್ನು ಎಡಗೈಲಿ, ರಕ್ತ ತೊಟ್ಟಿಕ್ಕುವ ಕತ್ತಿಯನ್ನು ಬಲಗೈಲಿ ಹಿಡಿದು ಸೆನೆಟರ್‌ಗಳ ಮುಂದೆ ಬಂದು ನಿಂತ. ಮಾತಿಲ್ಲ, ನಗುತ್ತ ತಲೆ ಆಡಿಸಿದ. ನಿಮಗೂ ಇದೇ ಗತಿ ಅನ್ನುವ ಹಾಗೆ. ಡಿಯೋಗೆ ಭಯಕ್ಕಿಂತ ನಗು ಜಾಸ್ತಿ ಬಂತು. ನಕ್ಕರೆ ತಲೆ ಹೋಗುತ್ತದೆ. ತಲೆಯ ಮೇಲಿದ್ದ ಮಾಲೆಯಿಂದ ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ, ಪಕ್ಕದವರಿಗೂ ಹಾಗೇ ಮಾಡಲು ಹೇಳಿದ. ಬಾಯಿ ಆಡುತ್ತಿದ್ದರೆ ನಗು ಕಾಣಿಸುವುದಿಲ್ಲವಲ್ಲ.

ಕೊಮೊಡಸ್‌ನನ್ನು ಕ್ರಿ.ಶ. 192ರ ಡಿಸೆಂಬರ್ 31ರಂದು ಅವನ ಕುಸ್ತಿ ಜೊತೆಗಾರನೇ ಕತ್ತು ಹಿಸುಕಿ ಕೊಂದ.

ಚಕ್ರವರ್ತಿ ಪದವಿಯನ್ನ ಹರಾಜು ಹಾಕಿದ್ದು ನಿಜವಾ?

ನಿಜ, ಕ್ರಿ.ಶ. 193ರ ಮಾರ್ಚ್‌ನಲ್ಲಿ. ಪರ್ಟಿನಾಕ್ಸ್ ಎಂಬ ಚಕ್ರವರ್ತಿ ಕಾವಲು ಪಡೆಗೆ ಶಿಸ್ತು ಕಲಿಸಲು ಹೋದ. ಮೂರು ತಿಂಗಳೊಳಗೆ ಅವರೇ ಅವನನ್ನು ಕೊಂದರು. ಆಮೇಲೆ ಜಾಸ್ತಿ ದುಡ್ಡು ಕೊಡುವವನಿಗೆ ಸಿಂಹಾಸನ ಅಂದರು. ಕಾವಲು ಪಡೆಯ ಪಾಳೆಯದ ಒಳಗಿಂದ ಕೂಗುತ್ತಿದ್ದವನು ಸತ್ತ ಅರಸನ ಮಾವನೇ! ಗೋಡೆಯ ಹೊರಗೆ ಶ್ರೀಮಂತ ಸೆನೆಟರ್ ಡಿಡಿಯಸ್ ಜೂಲಿಯಾನಸ್. ಒಳಗಿನವನು ತಲೆಗೆ 20,000 ಸೆಸ್ಟರ್ಸ್‌ಗೆ ಬಂದಾಗ ಹೊರಗಿನವನು ಒಮ್ಮೆಲೇ 25,000 ಅಂದ, ಬೆರಳಲ್ಲೂ ತೋರಿಸಿದ. ಸಿಂಹಾಸನ ಸಿಕ್ಕಿತು. 66 ದಿನ ಆಳಿದ. ಗಡಿಯಿಂದ ಸೆಪ್ಟಿಮಿಯಸ್ ಸೆವೆರಸ್ ಸೈನ್ಯ ಸಮೇತ ಬರುತ್ತಿದ್ದಂತೆ ಸೆನೆಟ್ ಜೂಲಿಯಾನಸ್‌ಗೆ ಮರಣದಂಡನೆ ಹಾಕಿತು. "ನಾನೇನು ತಪ್ಪು ಮಾಡಿದೆ? ಯಾರನ್ನ ಕೊಂದೆ?" ಅನ್ನುತ್ತ ಸತ್ತ ಅಂತ ಡಿಯೋ ಬರೆಯುತ್ತಾನೆ.

ಈ ಚಕ್ರವರ್ತಿಗಳೆಲ್ಲ ರೋಮ್ ಊರಿನವರೇನಾ?

ಅಲ್ಲವೇ ಅಲ್ಲ. ಟ್ರಾಜನ್ ಸ್ಪೇನ್‌ನ ಇಟಾಲಿಕಾದಲ್ಲಿ ಹುಟ್ಟಿದವನು. ಸೆಪ್ಟಿಮಿಯಸ್ ಸೆವೆರಸ್ ಈಗಿನ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದವನು, ಸತ್ತದ್ದು ಇಂಗ್ಲೆಂಡಿನ ಯಾರ್ಕ್‌ನಲ್ಲಿ. ಎಲಗಬಾಲಸ್ ಸಿರಿಯಾದ ಎಮೆಸಾದ ಪೂಜಾರಿ ಮನೆತನದ ಹುಡುಗ. ಕ್ರಿ.ಶ. 248ರಲ್ಲಿ ರೋಮ್‌ಗೆ ಸಾವಿರ ವರ್ಷ ತುಂಬಿದ ಹಬ್ಬವನ್ನು ಆಚರಿಸಿದ ಚಕ್ರವರ್ತಿ ಫಿಲಿಪ್ ಅರಬ್ ನಾಡಿನವನು. ಮ್ಯಾಕ್ಸಿಮಿನಸ್ ಥ್ರಾಕ್ಸ್ ಮೂರು ವರ್ಷ ಚಕ್ರವರ್ತಿಯಾಗಿದ್ದೂ ಆ ಅವಧಿಯಲ್ಲಿ ರೋಮ್‌ಗೆ ಕಾಲಿಡಲೇ ಇಲ್ಲ.

ಹೆಂಗಸರು ಯಾರೂ ಆಳಲಿಲ್ವಾ?

ಹೆಸರಿಗೆ ಆಳಲಿಲ್ಲ. ಆದರೆ ಜೂಲಿಯಾ ಮೇಸಾ ಎಂಬ ಅಜ್ಜಿಯನ್ನು ನೋಡಿ. ಕ್ರಿ.ಶ. 218ರಲ್ಲಿ ತನ್ನ 14 ವರ್ಷದ ಮೊಮ್ಮಗ ಎಲಗಬಾಲಸ್‌ನನ್ನು ಸಿಂಹಾಸನಕ್ಕೆ ಏರಿಸಿದಳು. ಅವನಿಂದ ಕೆಲಸ ಕೆಡುತ್ತಿದೆ ಅನ್ನಿಸಿದಾಗ ಇನ್ನೊಬ್ಬ ಮೊಮ್ಮಗನನ್ನು ತಯಾರು ಮಾಡಿದಳು. 222ರಲ್ಲಿ ಮೊದಲನೆಯವನೂ ಅವನ ತಾಯಿಯೂ ಕೊಲೆಯಾದರು. ಆ ತಾಯಿ ಮೇಸಾಳ ಸ್ವಂತ ಮಗಳು. ಎರಡನೆಯವನ ಕಾಲದಲ್ಲಿ ಅವನ ತಾಯಿ ಜೂಲಿಯಾ ಮಮೇಯಾಳೇ ಆಡಳಿತದ ಹಿಂದಿನ ಶಕ್ತಿ. ತನ್ನ ಹೆಸರಲ್ಲೇ ಆಳಿದ ಮೊದಲಿಗಳು ಐರೀನ್, ಕ್ರಿ.ಶ. 797ರಲ್ಲಿ, ಅದೂ ಪೂರ್ವದ ಕಾನ್‌ಸ್ಟಾಂಟಿನೋಪಲ್‌ನಲ್ಲಿ (ಈಗಿನ ಇಸ್ತಾಂಬುಲ್).

ತಾವಾಗೇ ಪದವಿ ಬಿಟ್ಟ ಪುಣ್ಯಾತ್ಮರು ಯಾರಾದ್ರೂ ಇದ್ದಾರಾ?

ಡಯೊಕ್ಲೆಷಿಯನ್. ಇಪ್ಪತ್ತು ವರ್ಷ ಆಳಿ, ಕ್ರಿ.ಶ. 305ರಲ್ಲಿ ಕೆಳಗಿಳಿದು, ಈಗಿನ ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ ಕಟ್ಟಿಸಿದ ಅರಮನೆಗೆ ಹೋಗಿಬಿಟ್ಟ. ಮತ್ತೆ ಅಧಿಕಾರ ಹಿಡಿ ಅಂತ ಕರೆದಾಗ, ನಾನು ನೆಟ್ಟು ಬೆಳೆಸಿದ ಕೋಸು ನೋಡಿದ್ದರೆ ಈ ಮಾತೇ ಆಡುತ್ತಿರಲಿಲ್ಲ ಅಂದನಂತೆ. ಆ ಅರಮನೆಯ ಗೋಡೆಗಳೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ, ಅಂಗಡಿ ಇಟ್ಟಿದ್ದಾರೆ.

## ಜನರ ಬದುಕು

ಹೆಬ್ಬೆರಳು ಕೆಳಗೆ ಮಾಡಿದ್ರೆ ಗ್ಲಾಡಿಯೇಟರ್ ಸಾಯಬೇಕಿತ್ತಾ?

ಗ್ಲಾಡಿಯೇಟರ್ ಅಂದರೆ ಜನರ ಮುಂದೆ ಅಖಾಡದಲ್ಲಿ ಹೊಡೆದಾಡುತ್ತಿದ್ದವನು. ಹೆಬ್ಬೆರಳಿನ ಸನ್ನೆ ಇತ್ತು. ಅದನ್ನು ತಿರುಗಿಸುತ್ತಿದ್ದರು ಅಂತ ಬರಹಗಳು ಹೇಳುತ್ತವೆ, ಯಾವ ಕಡೆಗೆ ಅಂತ ಹೇಳುವುದಿಲ್ಲ. ಕೆಳಗೆ ಅಂದರೆ ಸಾವು ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂರಲು ಮುಖ್ಯ ಕಾರಣ 1872ರಲ್ಲಿ ಫ್ರೆಂಚ್ ಕಲಾವಿದ ಜೆರೋಮ್ ಬರೆದ ಒಂದು ವರ್ಣಚಿತ್ರ. ಮತ್ತೆ, ಪ್ರತಿ ಪಂದ್ಯವೂ ಸಾವಿನಲ್ಲಿ ಮುಗಿಯುತ್ತಿರಲಿಲ್ಲ. ತರಬೇತಿ ಕೊಟ್ಟು ಸಾಕಿದವನು ಸತ್ತರೆ ಮಾಲೀಕನಿಗೆ ನಷ್ಟ.

ಟರ್ಕಿಯ ಎಫೆಸಸ್‌ನಲ್ಲಿ 1993ರಲ್ಲಿ ಗ್ಲಾಡಿಯೇಟರ್‌ಗಳ ಸ್ಮಶಾನ ಸಿಕ್ಕಿತು. ಚೆನ್ನಾಗಿ ವಾಸಿಯಾದ ಗಾಯಗಳು ಆ ಮೂಳೆಗಳಲ್ಲಿವೆ. ಅಂದರೆ ಅವರಿಗೆ ಒಳ್ಳೆಯ ವೈದ್ಯರಿದ್ದರು. ಊಟ ಹೆಚ್ಚಾಗಿ ಬಾರ್ಲಿ ಮತ್ತು ಕಾಳು ಅಂತಲೂ ಆ ಮೂಳೆಗಳೇ ಹೇಳುತ್ತವೆ. ಹೆಂಗಸರೂ ಹೋರಾಡುತ್ತಿದ್ದರು. ಹಾಲಿಕಾರ್ನಾಸಸ್‌ನ ಕಲ್ಲಿನ ಮೇಲೆ ಅಮೆಜಾನ್, ಅಕಿಲಿಯಾ ಎಂಬ ಇಬ್ಬರು ಗುರಾಣಿ ಹಿಡಿದು ನಿಂತಿದ್ದಾರೆ. ಇಬ್ಬರನ್ನೂ ಜೀವಂತ ಬಿಡಲಾಯಿತು ಅಂತ ಕೆತ್ತಿದ್ದಾರೆ.

ಗುಲಾಮರ ಬಗ್ಗೆ ಯಾರೂ ಜಾಸ್ತಿ ಹೇಳಲ್ಲ ಯಾಕೆ?

ಹೇಳಲೇಬೇಕು. ಮೇಲಿನ ಕಥೆಗಳಲ್ಲಿ ಬಟ್ಟೆ ತುಳಿದವರು, ಕಲ್ಲು ಹೊತ್ತವರು, ಸೀಸರ್‌ನ ಹೆಣ ಹೊತ್ತವರು ಗುಲಾಮರೇ. ಅವರ ಮಾತನ್ನು ಬರೆದಿಟ್ಟವರು ಕಡಿಮೆ.

ಕ್ರಿ.ಶ. 61ರಲ್ಲಿ ರೋಮ್ ನಗರದ ಆಡಳಿತಾಧಿಕಾರಿ ಪೆಡಾನಿಯಸ್ ಸೆಕುಂಡಸ್‌ನನ್ನು ಅವನ ಮನೆಯ ಗುಲಾಮನೊಬ್ಬ ಕೊಂದ. ಹಳೆಯ ಪದ್ಧತಿ ಹೀಗಿತ್ತು: ಯಜಮಾನನನ್ನು ಒಬ್ಬ ಗುಲಾಮ ಕೊಂದರೆ ಆ ಸೂರಿನಡಿಯ ಎಲ್ಲ ಗುಲಾಮರಿಗೂ ಸಾವು. ಆ ಮನೆಯಲ್ಲಿದ್ದವರು 400 ಜನ. ಹೆಂಗಸರಿದ್ದರು, ಮಕ್ಕಳಿದ್ದರು. ರೋಮ್‌ನ ಸಾಮಾನ್ಯ ಜನ ಇದನ್ನು ತಡೆಯಲು ಕಲ್ಲು, ಪಂಜು ಹಿಡಿದು ಬೀದಿಗೆ ಬಂದರು. ಸೆನೆಟ್‌ನಲ್ಲಿ ಗಾಯಸ್ ಕ್ಯಾಸಿಯಸ್ ಎಂಬ ಕಾನೂನು ಪಂಡಿತ ಎದ್ದು ನಿಂತು, ಇವರನ್ನು ಭಯದಿಂದ ಮಾತ್ರ ಹಿಡಿದಿಡಲು ಸಾಧ್ಯ ಅಂತ ವಾದಿಸಿದ. ಒಬ್ಬರಿಗೂ ಎದ್ದು ನಿಂತು ಎದುರು ಹೇಳುವ ಧೈರ್ಯ ಬರಲಿಲ್ಲ. ಗುಂಪಿನಲ್ಲಿ ಅಯ್ಯೋ ಪಾಪ ಅನ್ನುವ ದನಿಗಳಷ್ಟೇ ಎದ್ದವು ಅಂತ ಟ್ಯಾಸಿಟಸ್ ಬರೆದಿದ್ದಾನೆ. ನೀರೋ ದಾರಿಯ ಉದ್ದಕ್ಕೂ ಸೈನಿಕರನ್ನು ನಿಲ್ಲಿಸಿದ. 400 ಜನರನ್ನೂ ಕರೆದೊಯ್ದು ಕೊಂದರು.

ಗ್ಲಾಡಿಯೇಟರ್ ಸ್ಪಾರ್ಟಕಸ್ ನಡೆಸಿದ ಗುಲಾಮರ ಬಂಡಾಯ ಕ್ರಿ.ಪೂ. 71ರಲ್ಲಿ ಮುರಿದುಬಿದ್ದಾಗ ಸೆರೆಸಿಕ್ಕ 6,000 ಜನರನ್ನು ಕಪುವಾದಿಂದ ರೋಮ್‌ವರೆಗಿನ ರಸ್ತೆ ಬದಿಯಲ್ಲಿ ಶಿಲುಬೆಗೇರಿಸಿದ್ದರು. ರೋಮ್‌ನ ವೈಭವ ಹೇಳುವಾಗ ಈ ರಸ್ತೆಯನ್ನೂ ಹೇಳದಿದ್ದರೆ ಆ ಕಥೆ ಅರ್ಧವೇ.

ಎರಡು ಸಾವಿರ ವರ್ಷ ಆದ್ರೂ ಅವರ ಕಾಂಕ್ರೀಟ್ ಹೇಗೆ ಗಟ್ಟಿ ಇದೆ?

ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸುತ್ತಿದ್ದರು. ನೇಪಲ್ಸ್ ಹತ್ತಿರದ ಪೊಝುವೊಲಿಯ ಬೂದಿಗೆ ಬಹಳ ಹೆಸರು. ಈ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಗುಟ್ಟು ಹೇಳಿತು. ಗಾರೆಯಲ್ಲಿ ಅಲ್ಲಲ್ಲಿ ಉಳಿದ ಬಿಳಿ ಸುಣ್ಣದ ಉಂಡೆಗಳು ಕಲಸುವಾಗಿನ ಸೋಮಾರಿತನವಲ್ಲ. ಬಿರುಕು ಬಿಟ್ಟು ನೀರು ಒಳಗೆ ಹೋದರೆ ಆ ಸುಣ್ಣ ಕರಗಿ ಬಿರುಕನ್ನೇ ಮುಚ್ಚುತ್ತದೆ. ಚಕ್ರವರ್ತಿ ಹೇಡ್ರಿಯನ್ ಕಾಲದ ಪ್ಯಾಂಥಿಯನ್ ದೇವಾಲಯದ ಗುಮ್ಮಟದ ಅಗಲ 43.3 ಮೀಟರ್. ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಅದೇ ದೊಡ್ಡದು. ಮೇಲೆ ಹೋದಂತೆ ಭಾರ ಕಡಿಮೆಯಾಗಲಿ ಅಂತ ಹಗುರ ಕಲ್ಲು ಬಳಸಿದ್ದಾರೆ.

## ಇನ್ನೂ ಆಳಕ್ಕೆ

ರೋಮ್‌ಗೂ ನಮ್ಮ ಕಡೆಗೂ ಏನಾದ್ರೂ ಸಂಬಂಧ ಇತ್ತಾ?

ಇತ್ತು, ಗಟ್ಟಿಯಾಗೇ ಇತ್ತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಹಳಿಯ ಕೆಲಸಕ್ಕೆ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಕಡೆ ಇನ್ನೊಂದು ರಾಶಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿದೆ. ಅಗಸ್ಟಸ್, ಟೈಬೀರಿಯಸ್ ಮುಖಗಳು ನಮ್ಮ ನೆಲದಲ್ಲಿ ಹೂತಿದ್ದವು.

ಇದರ ಹಿಂದಿದ್ದದ್ದು ಮುಖ್ಯವಾಗಿ ಕರಿಮೆಣಸು. ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಮುಂಗಾರು ಗಾಳಿ ಹಿಡಿದು ಹಡಗುಗಳು ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಅಗಸ್ಟಸ್ ಕಾಲದಲ್ಲಿ ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಹೊರಡುತ್ತಿದ್ದವು ಅಂತ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಭಾರತ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹೀರುತ್ತಿದೆ ಅಂತ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ಬೆರೆನಿಕೆ ಬಂದರಿನ ದೇವಾಲಯದಲ್ಲಿ ಭಾರತದ್ದೇ ಜಾಡಿಯಲ್ಲಿ ಏಳು ಕಿಲೋಗೂ ಹೆಚ್ಚು ಮೆಣಸು ಸಿಕ್ಕಿದೆ. ಕ್ರಿ.ಶ. 408ರಲ್ಲಿ ರೋಮ್‌ಗೆ ಮುತ್ತಿಗೆ ಹಾಕಿದ ಗಾತ್ ದೊರೆ ಅಲಾರಿಕ್, ಬಿಟ್ಟುಹೋಗಲು ಚಿನ್ನ, ಬೆಳ್ಳಿ, ರೇಷ್ಮೆಯ ಜೊತೆ 3,000 ಪೌಂಡ್ ಮೆಣಸು ಕೇಳಿದ. ಸುಮಾರು ಒಂದು ಟನ್!

ಆ ಕಾಲದ ಗ್ರೀಕ್ ನಾಟಕದಲ್ಲಿ ಕನ್ನಡ ಮಾತಿದೆ ಅಂತಾರಲ್ಲ, ಖಚಿತವಾ?

ಖಚಿತವಿಲ್ಲ. ರೋಮನ್ ಆಳ್ವಿಕೆಯ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಎರಡನೇ ಶತಮಾನದ ಪಪೈರಸ್ (ಜೊಂಡಿನ ಹಾಳೆ) ಒಂದರಲ್ಲಿ ಪ್ರಹಸನ ಇದೆ. 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಕಾರಿಷನ್ ಎಂಬ ಗ್ರೀಕ್ ಹೆಣ್ಣನ್ನು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಇರಬಹುದು ಅಂತ ಮೊದಲು ಹೇಳಿದವರು ಜರ್ಮನ್ ವಿದ್ವಾಂಸ ಹುಲ್ಟ್ಜ್. ಶಾಮಾಶಾಸ್ತ್ರಿ, ಗೋವಿಂದ ಪೈ ಅದನ್ನು ಮುಂದುವರಿಸಿದರು. "ಕೊಂಚ ಮಧು ಪಾತ್ರಕ್ಕೆ ಹಾಕಿ" ಎಂಬ ಓದು ಹೀಗೆ ಬಂದದ್ದು. ಅದು ತುಳು ಅಂದವರಿದ್ದಾರೆ, ಅರ್ಥವಿಲ್ಲದ ಸದ್ದು ಅಂದವರೂ ಇದ್ದಾರೆ.

ಕನ್ನಡವೇ ಆಗಿದ್ದರೆ ನನಗೂ ಖುಷಿ. ಆದರೆ ಒಂದು ತೊಡಕಿದೆ. "ಹಾಕು" ಅನ್ನುವುದು ಹಳಗನ್ನಡದಲ್ಲಿ ಪಕಾರದಿಂದ ಶುರುವಾಗುತ್ತಿತ್ತು. ಎರಡನೇ ಶತಮಾನದಲ್ಲೇ ಹಕಾರ ಇತ್ತು ಅನ್ನುವುದು ಕಷ್ಟ.

ಸೀಸದ ಪೈಪ್ ನೀರು ಕುಡಿದೇ ರೋಮ್ ಹಾಳಾಯ್ತು ಅಂತಾರೆ?

ಸೀಸದ ಪೈಪ್ ಇದ್ದದ್ದು ನಿಜ. ಅದು ಆರೋಗ್ಯಕ್ಕೆ ಕೆಟ್ಟದ್ದು, ಮಣ್ಣಿನ ಕೊಳವೆ ವಾಸಿ ಅಂತ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಆಗಲೇ ಎಚ್ಚರಿಸಿದ್ದ. ಆದರೆ ಗಡಸು ನೀರಿನ ಸುಣ್ಣ ಪೈಪಿನೊಳಗೆ ಪದರ ಕಟ್ಟಿ ಸೀಸವನ್ನು ಕೊಂಚ ತಡೆಯುತ್ತಿತ್ತು, ನೀರು ನಿಲ್ಲದೆ ಹರಿಯುತ್ತಲೂ ಇತ್ತು. ಸೀಸದ ಪಾತ್ರೆಯಲ್ಲಿ ಬತ್ತಿಸಿದ ದ್ರಾಕ್ಷಿ ಪಾಕ ಇದಕ್ಕಿಂತ ಅಪಾಯ. ಇಡೀ ಸಾಮ್ರಾಜ್ಯ ಇದರಿಂದ ಬಿತ್ತು ಅನ್ನಲು ಆಧಾರ ಸಾಲದು. ಇದೇ ಪೈಪುಗಳಿದ್ದಾಗಲೇ ಅದು ಶತಮಾನಗಟ್ಟಲೆ ಬೆಳೆಯಿತಲ್ಲ.

ಇಷ್ಟೊಂದು ಚಕ್ರವರ್ತಿಗಳು ಕೊಲೆ ಆಗೋಕೆ ಏನು ಕಾರಣ?

ಮುಂದಿನವನು ಯಾರು ಅನ್ನುವುದಕ್ಕೆ ಕಾನೂನೇ ಇರಲಿಲ್ಲ. ಅಗಸ್ಟಸ್ ತಾನು ರಾಜನಲ್ಲ ಅಂದಿದ್ದ. ರಾಜನೇ ಇಲ್ಲದಿದ್ದರೆ ಯುವರಾಜ ಎಲ್ಲಿಂದ? ಮಗ, ದತ್ತುಮಗ, ದಂಡನಾಯಕ, ಸೈನ್ಯ ಯಾರ ಹೆಸರು ಕೂಗಿದರೆ ಅವನು. ಒಮ್ಮೆ ಸೈನಿಕರಿಗೆ ಈ ರುಚಿ ಹತ್ತಿದ ಮೇಲೆ ಪ್ರತಿ ಬದಲಾವಣೆಯೂ ಇನಾಮಿನ ಅವಕಾಶ. ಕ್ರಿ.ಶ. 238ರಲ್ಲಿ ಒಂದೇ ವರ್ಷ ಆರು ಜನ ಚಕ್ರವರ್ತಿ ಅನ್ನಿಸಿಕೊಂಡರು. ವರ್ಷದ ಕೊನೆಗೆ ಬದುಕಿದ್ದವನು ಒಬ್ಬನೇ, 13 ವರ್ಷದ ಹುಡುಗ ಮೂರನೇ ಗೋರ್ಡಿಯನ್. 260ರಲ್ಲಿ ವಲೇರಿಯನ್ ಯುದ್ಧದಲ್ಲಿ ಪರ್ಷಿಯಾದ ಶಾಪುರ್‌ಗೆ ಜೀವಂತ ಸೆರೆಸಿಕ್ಕ. ಇರಾನಿನ ನಕ್ಷ್-ಎ-ರುಸ್ತಮ್ ಬಂಡೆಯ ಮೇಲೆ ಆ ದೃಶ್ಯ ಈಗಲೂ ಇದೆ.

ಈ ಕಥೆಗಳನ್ನ ಬರೆದವರನ್ನ ಎಷ್ಟು ನಂಬಬಹುದು?

ಯಾರು, ಯಾವಾಗ, ಯಾರಿಗೋಸ್ಕರ ಬರೆದರು ಅಂತ ಕೇಳಿಕೊಂಡು ನಂಬಬೇಕು. ಟ್ಯಾಸಿಟಸ್, ಡಿಯೋ ಸೆನೆಟರ್‌ಗಳು. ಸೆನೆಟ್ ಜೊತೆ ಹೊಂದಿಕೊಂಡವನು ಅವರ ಕಣ್ಣಿಗೆ ಒಳ್ಳೆಯ ಅರಸ. ಮನೆತನ ಮುಗಿದುಹೋದ ಅರಸನ ಪರ ಮಾತಾಡಲು ಯಾರೂ ಉಳಿಯುತ್ತಿರಲಿಲ್ಲ. ಕೆಲವರ ಮುಖವನ್ನೇ ಅಳಿಸುತ್ತಿದ್ದರು. ಕ್ಯಾರಕಲ್ಲ 211ರಲ್ಲಿ ತಮ್ಮ ಗೇಟಾನನ್ನು ಕೊಲ್ಲಿಸಿದ ಮೇಲೆ ಆದದ್ದು ಇದೇ. ಬರ್ಲಿನ್‌ನಲ್ಲಿರುವ ಆ ಕುಟುಂಬದ ಚಿತ್ರಫಲಕದಲ್ಲಿ ಅಪ್ಪ, ಅಮ್ಮ, ಒಬ್ಬ ಮಗ ಕಾಣುತ್ತಾರೆ. ಇನ್ನೊಬ್ಬನ ಮುಖವಿದ್ದ ಜಾಗವನ್ನು ಕೆರೆದು ಹಾಕಿದ್ದಾರೆ.

ಒಂದು ಅಪರೂಪದ ಪರೀಕ್ಷೆ ನಮಗೆ ಸಿಕ್ಕಿದೆ. ಕ್ರಿ.ಶ. 48ರಲ್ಲಿ ಗಾಲ್ ನಾಡಿನ ಮುಖಂಡರನ್ನು ಸೆನೆಟ್‌ಗೆ ಸೇರಿಸಿಕೊಳ್ಳಿ ಅಂತ ಕ್ಲಾಡಿಯಸ್ ಭಾಷಣ ಮಾಡಿದ. ಟ್ಯಾಸಿಟಸ್ ಪುಸ್ತಕದಲ್ಲಿ ಅದು ಬಿಗಿಯಾದ, ಸೊಗಸಾದ ಭಾಷಣ. 1528ರಲ್ಲಿ ಫ್ರಾನ್ಸ್‌ನ ಲಿಯೋನ್‌ನಲ್ಲಿ ಅದೇ ಭಾಷಣ ಕೊರೆದ ಕಂಚಿನ ಫಲಕ ಸಿಕ್ಕಿತು. ಅಲ್ಲಿರುವ ಕ್ಲಾಡಿಯಸ್ ಬೇರೆ. ಎಟ್ರುಸ್ಕನ್ ರಾಜರ ಕಥೆಗೆ ಹೊರಳುತ್ತಾನೆ, ವಿಷಯ ಬಿಟ್ಟು ಎಲ್ಲೋ ಹೋಗುತ್ತಾನೆ, ತನ್ನನ್ನೇ ಎಚ್ಚರಿಸಿಕೊಂಡು ವಾಪಸ್ ಬರುತ್ತಾನೆ. ವಾದದ ತಿರುಳು ಎರಡರಲ್ಲೂ ಒಂದೇ, ಮಾತು ಪೂರಾ ಬೇರೆ. ಹಾಗಾಗಿ ರೋಮನ್ ಇತಿಹಾಸಕಾರರಲ್ಲಿ ಘಟನೆಯನ್ನು ಬಹುಮಟ್ಟಿಗೆ ನಂಬಿ. ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಬರಹಗಾರನ ಕೈಚಳಕ ಅಂತಲೇ ಓದಿ. ಈ ಪುಟದಲ್ಲಿ ಬಂದ ಮಾತುಗಳಿಗೂ ಅದೇ ನಿಯಮ.

ಕೊನೆಗೆ ರೋಮ್ ಬಿದ್ದದ್ದು ಯಾವ ವರ್ಷ?

ಪರೀಕ್ಷೆಯ ಉತ್ತರ ಕ್ರಿ.ಶ. 476. ಸಾಮ್ರಾಜ್ಯ ಅಷ್ಟರಲ್ಲಿ ಪೂರ್ವ, ಪಶ್ಚಿಮ ಅಂತ ಎರಡಾಗಿತ್ತು. ಆ ವರ್ಷ ಓಡೋಆಸರ್ ಎಂಬ ದಂಡನಾಯಕ ಪಶ್ಚಿಮದ ಕೊನೆಯ ಚಕ್ರವರ್ತಿ ರೋಮುಲಸ್ ಅಗಸ್ಟುಲಸ್‌ನನ್ನು ಇಳಿಸಿದ. ಹುಡುಗ ಇನ್ನೂ ಚಿಕ್ಕವನು ಅಂತ ಕೊಲ್ಲಲಿಲ್ಲ. ವರ್ಷಕ್ಕೆ 6,000 ಚಿನ್ನದ ನಾಣ್ಯ ಗೊತ್ತುಮಾಡಿ ಕಂಪೇನಿಯಾಕ್ಕೆ ಕಳಿಸಿಕೊಟ್ಟ. ಇದು ನಡೆದದ್ದು ರೋಮ್‌ನಲ್ಲೂ ಅಲ್ಲ, ಪಶ್ಚಿಮದ ದರ್ಬಾರು ಆಗ ರವೆನ್ನಾದಲ್ಲಿತ್ತು. ಸೆನೆಟ್ ಅದಾದ ಮೇಲೂ ಸಭೆ ಸೇರುತ್ತಿತ್ತು. ಪೂರ್ವದಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದವರನ್ನು ನಾವು ಬೈಜಾಂಟೈನರು ಅನ್ನುತ್ತೇವೆ. ಅವರು ತಮ್ಮನ್ನು ಕರೆದುಕೊಂಡದ್ದು ರೋಮನ್ನರು ಅಂತಲೇ. ಅವರ ಕೊನೆಯ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಂಟೈನ್ 1453ರ ಮೇ 29ರಂದು, ಆಟೊಮನ್ನರು ಕೋಟೆ ಒಡೆದ ದಿನ, ಹೋರಾಡುತ್ತ ಸತ್ತ. ನನ್ನನ್ನು ಕೇಳಿದರೆ ನಾನು ಹೇಳುವ ವರ್ಷ ಅದು.